ಡೇಮಿಯನ್ ರೈಸ್ ಇಷ್ಟು ಹತ್ತಿರದಲ್ಲಿ ಹಾಡಿದಂತೆ ಕೇಳುವುದು ಯಾಕೆ?

ಓದುಗರ ಪ್ರಶ್ನೆ: ಐರ್ಲೆಂಡಿನ ಡೇಮಿಯನ್ ರೈಸ್ ಅವರ ‘ಓ’ ಆಲ್ಬಂ ಹಾಕಿದರೆ ಅವರು ನನ್ನ ಕೋಣೆಯಲ್ಲೇ ಕೂತು ಹಾಡುತ್ತಿರುವಂತೆ ಅನಿಸುತ್ತದೆ. ವಾದ್ಯಗಳು ಕಡಿಮೆ ಇರುವುದರಿಂದ ಹೀಗಾಗುತ್ತದೆಯೇ?

ಅದು ಅರ್ಧ ಉತ್ತರ. ಗಿಟಾರ್ ಹಿಡಿದು ಒಬ್ಬರೇ ಹಾಡಿದ ಎಷ್ಟೋ ರೆಕಾರ್ಡಿಂಗ್‌ಗಳು ದೂರದ ವೇದಿಕೆಯಿಂದ ಬಂದಂತೆ ಕೇಳುತ್ತವೆ. ‘ಓ’ ಹತ್ತಿರವಾಗುವುದು ಮೈಕಿನಿಂದ. ಅದಕ್ಕಿಂತ ಹೆಚ್ಚಾಗಿ, ಯಾವ ದನಿಯನ್ನು ಎಲ್ಲಿಯವರೆಗೆ ತಡೆದಿಟ್ಟಿದ್ದಾರೆ ಎಂಬುದರಿಂದ.

ಮೈಕಿನ ವಿಷಯ ಸರಳ. ಹಾಡುವವರು ದೂರವಿದ್ದಾರೆಯೇ ಎಂದು ಕಿವಿ ಅಳೆಯುವುದು ಗೋಡೆಗೆ ಬಡಿದು ಬರುವ ಸದ್ದಿನಿಂದ. ಮೈಕನ್ನು ಬಾಯಿಯ ಹತ್ತಿರ ತಂದರೆ ಆ ಮರುದನಿ ಹಿಂದೆ ಸರಿಯುತ್ತದೆ, ಉಸಿರು ಕೇಳತೊಡಗುತ್ತದೆ. ಒಂದೇ ದಿಕ್ಕಿಗೆ ಕಿವಿಗೊಡುವ ಮೈಕುಗಳಲ್ಲಿ ಸ್ವರದ ತಗ್ಗು ಭಾಗವೂ ದಪ್ಪವಾಗುತ್ತದೆ. ನಿಜ ಜೀವನದಲ್ಲಿ ಹೀಗೆ ಕೇಳುವುದು ಯಾರಾದರೂ ಕಿವಿಯ ಬಳಿ ಬಾಗಿ ಪಿಸುಗುಟ್ಟಿದಾಗ ಮಾತ್ರ.

ಈ ಆಲ್ಬಂ ಬಹುಪಾಲು ಮನೆಯಲ್ಲೇ ಆದದ್ದು. ಕಿಲ್ಡೇರ್ ಕೌಂಟಿಯ ಸೆಲ್‌ಬ್ರಿಡ್ಜ್‌ನವರಾದ ರೈಸ್ ಮೊದಲು ಜೂನಿಪರ್ ಎಂಬ ಬ್ಯಾಂಡಿನಲ್ಲಿದ್ದರು. ದೊಡ್ಡ ಕಂಪನಿಯ ಒಪ್ಪಂದವೂ ಇತ್ತು. ಉಸಿರು ಕಟ್ಟಿದಂತಾಗಿ ಅದನ್ನು ಬಿಟ್ಟು ಇಟಲಿಯ ಟಸ್ಕನಿಗೆ ಹೋದರು, ಯುರೋಪಿನ ಬೀದಿಗಳಲ್ಲಿ ಹಾಡಿದರು. ಊರಿಗೆ ಮರಳಿದಾಗ ರೆಕಾರ್ಡಿಂಗಿಗೆ ನೆರವಾದವರು ಜೇಮ್ಸ್ ಬಾಂಡ್ ಚಿತ್ರಗಳಿಗೆ ಸಂಗೀತ ಕೊಟ್ಟ ಡೇವಿಡ್ ಆರ್ನಲ್ಡ್, ದೂರದ ಸಂಬಂಧಿ. 2002ರ ಫೆಬ್ರುವರಿಯಲ್ಲಿ ‘ಓ’ ಐರ್ಲೆಂಡಿನಲ್ಲಿ ಹೊರಬಂತು. 2001ರ ನವೆಂಬರಿನಲ್ಲಿ ತೀರಿಕೊಂಡ ಗೆಳೆಯ, ಗಾಯಕ ಮಿಕ್ ಕ್ರಿಸ್ಟಫರ್‌ಗೆ ಅದು ಅರ್ಪಣೆ. ಹಾಡುಗಳ ದುಃಖಕ್ಕೆಲ್ಲ ಅದೇ ಮೂಲ ಎನ್ನುವಂತಿಲ್ಲ, ಆದರೆ ಆ ಹೆಸರು ತಿಳಿದ ಮೇಲೆ ನನಗೆ ಆಲ್ಬಂ ಬೇರೆಯೇ ಆಗಿ ಕೇಳಿಸಿದ್ದು ನಿಜ.

ಇನ್ನು ತಡೆದಿಡುವ ಮಾತು. ‘ದ ಬ್ಲೋವರ್ಸ್ ಡಾಟರ್’ ಹಾಡನ್ನೇ ತೆಗೆದುಕೊಳ್ಳಿ. ಶುರುವಿಗೆ ಗಿಟಾರ್, ಒಂದು ದನಿ, ಅಷ್ಟೇ. ಆಮೇಲೆ ವಿವಿಯನ್ ಲಾಂಗ್ ಅವರ ಚೆಲೋ. ಮನುಷ್ಯನ ಕಂಠದ ಶ್ರುತಿಯಲ್ಲೇ ಓಡಾಡುವ ವಾದ್ಯ ಅದು. ಹಿನ್ನೆಲೆಯಲ್ಲಿ ಕೂರದೆ ಹಾಡಿಗೆ ಇನ್ನೊಂದು ಕೊರಳಾಗುತ್ತದೆ. ರೈಸ್ ದನಿ ಏರಿಸುತ್ತಾರೆ, ಮತ್ತೆ ಇಳಿಸುತ್ತಾರೆ. ಇಷ್ಟೆಲ್ಲ ಆಗುವವರೆಗೂ ಇದು ಒಬ್ಬನ ಮನಸ್ಸಿನ ಮಾತು. ಕೊನೆಯ ಹೊತ್ತಿಗೆ ಗಾಯಕಿ ಲೀಸಾ ಹ್ಯಾನಿಗನ್ ಹಾಡತೊಡಗುತ್ತಾರೆ. ಯಾರನ್ನು ಕುರಿತು ಇಷ್ಟು ಹೊತ್ತು ಹಂಬಲಿಸಿದ್ದನೋ ಆಕೆಯೇ ಬಾಯಿ ತೆರೆದಂತೆ, ಹಾಡು ಒಮ್ಮೆಲೇ ಇಬ್ಬರದ್ದಾಗುತ್ತದೆ. ಮೊದಲ ಸಾಲಿನಿಂದಲೇ ಆ ದನಿ ಇದ್ದಿದ್ದರೆ ಇದೊಂದು ಚೆಂದದ ಯುಗಳಗೀತೆ ಆಗಿಬಿಡುತ್ತಿತ್ತು.

ಹಾಗಾಗಿ ‘ಓ’ವನ್ನು ಬರಿದು ಎಂದು ಕರೆಯಲು ನನಗೆ ಮನಸ್ಸಿಲ್ಲ. ‘ಏಮಿ’ಯಲ್ಲಿ ತಂತಿವಾದ್ಯಗಳ ಗುಂಪೇ ಇದೆ, ‘ಎಸ್ಕಿಮೋ’ದಲ್ಲಿ ಒಪೆರಾ ಗಾಯಕಿಯ ಕಂಠ ಮುಗಿಲಿಗೇರುತ್ತದೆ. ಅಷ್ಟು ದೊಡ್ಡ ಸದ್ದು ನಮ್ಮನ್ನು ದೂರ ತಳ್ಳದಿರುವುದು, ಅಲ್ಲಿಗೆ ಬರುವ ಮೊದಲು ಪಿಸುಮಾತಿನ ಅಭ್ಯಾಸ ಆಗಿರುವುದರಿಂದ.

ಒಮ್ಮೆ ರಾತ್ರಿ, ಹೆಡ್‌ಫೋನಿನಲ್ಲಿ, ಹಾಡು ಹಾರಿಸದೆ ಕೇಳಿ. ಸಿ.ಡಿ. ಇದ್ದರೆ ‘ಎಸ್ಕಿಮೋ’ ಮುಗಿಯಿತೆಂದು ನಿಲ್ಲಿಸಬೇಡಿ. ಮೌನದ ಆಚೆ ಇನ್ನೆರಡು ಹಾಡುಗಳಿವೆ. ಕೊನೆಯದು ಲೀಸಾ ಅವರದು.