ಕಲ್ಲಿನ ರಾಶಿಯೆಲ್ಲ ಚೇಂಬರ್ಡ್ ಕೇರ್ನ್ ಅಲ್ಲ

ಸ್ಕಾಟ್ಲೆಂಡ್ ಪ್ರವಾಸದ ಫೋಟೊಗಳ ಕೆಳಗೆ ‘ಚೇಂಬರ್ಡ್ ಕೇರ್ನ್’ ಎಂಬ ಹೆಸರು ಈಚೆಗೆ ಜಾಸ್ತಿ ಕಾಣುತ್ತಿದೆ. ಅಂದರೆ ಒಳಗೆ ಕೋಣೆಯಿರುವ, ಕಲ್ಲು ರಾಶಿಯ ಪ್ರಾಚೀನ ಗೋರಿ. ಬೆಟ್ಟದ ನೆತ್ತಿಯಲ್ಲಿ ಚಾರಣಿಗರು ಗುರುತಿಗೆಂದು ಪೇರಿಸಿದ ಕಲ್ಲಿಗೂ ಅದೇ ಹೆಸರು! ಸುಮ್ನೆ ಬಿಡೋಣ ಅಂದ್ರೆ ಮನಸ್ಸು ಒಪ್ಪುವುದಿಲ್ಲ.

‘ಕೇರ್ನ್’ ಬಂದದ್ದು ಗೇಲಿಕ್ ಭಾಷೆಯ ‘ಕಾರ್ನ್’ನಿಂದ. ಅರ್ಥ ಕಲ್ಲಿನ ರಾಶಿ, ಅಷ್ಟೇ. ಅದರಲ್ಲಿ ಸಾವಿನ ಸುಳಿವೂ ಇಲ್ಲ, ಕಾಲದ ಸುಳಿವೂ ಇಲ್ಲ. ಕೇರ್ನ್‌ಗಾರ್ಮ್ ಅಂದಾಗ ಅದು ಇಡೀ ಬೆಟ್ಟದ ಹೆಸರು. ಹಾಗಾಗಿ ಇಲ್ಲಿ ಗಮನಿಸಬೇಕಾದದ್ದು ‘ಚೇಂಬರ್ಡ್’ ಎಂಬ ಭಾಗವನ್ನು. ರಾಶಿಯೊಳಗೆ ಕಲ್ಲಿನ ಕೋಣೆ ಇರಬೇಕು. ಹೊರಗಿನಿಂದ ಅದಕ್ಕೆ ಬಾಗಿಲೂ ಇರಬೇಕು. ಯಾಕೆಂದರೆ ಇದು ಒಬ್ಬರನ್ನು ಹೂತು ಮುಚ್ಚಿಬಿಡುವ ಗೋರಿಯಲ್ಲ. ನವಶಿಲಾಯುಗದ ಜನ ಮತ್ತೆ ಮತ್ತೆ ಒಳಗೆ ಹೋಗುತ್ತಿದ್ದರು, ಹಲವರ ಮೂಳೆಗಳನ್ನು ಒಟ್ಟಿಗೆ ಇಡುತ್ತಿದ್ದರು. ಕೇತ್‌ನೆಸ್‌ನ ಕ್ಯಾಮ್‌ಸ್ಟರ್‌ಗೆ ಹೋದರೆ ಇದು ಮೈಗೇ ತಿಳಿಯುತ್ತದೆ. ಅಲ್ಲಿನ ದುಂಡು ಕೇರ್ನ್ 5000 ವರ್ಷಕ್ಕಿಂತ ಹಳೆಯದು. ತಗ್ಗಾದ ಓಣಿಯಲ್ಲಿ ಬೆನ್ನು ಬಗ್ಗಿಸಿ, ಅಂಬೆಗಾಲಿಟ್ಟು ಹೋಗಬೇಕು. ಒಳಗೆ ತಲುಪಿದರೆ ಎದ್ದು ನಿಲ್ಲಬಹುದು.

ಜನ ಹೆಚ್ಚು ಎಡವುವುದು ‘ಸಿಸ್ಟ್’ ಬಳಿ. ಸಿಸ್ಟ್ ಅಂದರೆ ಕಲ್ಲು ಚಪ್ಪಡಿಗಳ ಪೆಟ್ಟಿಗೆ. ಸಾಮಾನ್ಯವಾಗಿ ಒಬ್ಬರನ್ನು ಮಂಡಿ ಮಡಿಸಿ ಮಲಗಿಸಿ ಮುಚ್ಚಳ ಹಾಕುತ್ತಿದ್ದರು. ಬಾಗಿಲಿಲ್ಲ. ಕಿಲ್‌ಮಾರ್ಟಿನ್ ಕಣಿವೆಯ ನೆದರ್ ಲಾರ್ಗಿ ನಾರ್ತ್ ಎಂಬ ಕೇರ್ನ್‌ನಲ್ಲಿ ಮೇಲಿನ ಕಿಂಡಿಯಿಂದ ಒಳಗಿನ ಕೋಣೆಗೆ ಇಳಿದು, ಕೊಡಲಿ ಕೆತ್ತಿದ ಚಪ್ಪಡಿ ನೋಡಬಹುದು. ಇಳಿದು ಬಂದವರು ಅದನ್ನೂ ‘ಚೇಂಬರ್ಡ್’ ಅಂತ ಬರೆಯುತ್ತಾರೆ. ಆದರೆ ಆ ಕೋಣೆ 20ನೇ ಶತಮಾನದಲ್ಲಿ ಕಾಂಕ್ರೀಟಿನಲ್ಲಿ ಕಟ್ಟಿದ್ದು! ಹಳೆಯದು ಸಿಸ್ಟ್ ಮಾತ್ರ. ಪಕ್ಕದ ನೆದರ್ ಲಾರ್ಗಿ ಸೌತ್ ನಿಜವಾದ ಚೇಂಬರ್ಡ್ ಕೇರ್ನ್. ಅಲ್ಲಿಗೂ ಕಂಚಿನ ಯುಗದವರು ಆಮೇಲೆ ಸಿಸ್ಟ್ ಸೇರಿಸಿದರು. ಒಂದೇ ರಾಶಿಯಲ್ಲಿ ಎರಡು ಕಾಲ, ಎರಡು ಪದ್ಧತಿ. ಎರಡಕ್ಕೂ ಒಂದೇ ಹೆಸರಿಟ್ಟರೆ ಈ ಕಥೆಯೇ ಅಳಿಸಿಹೋಗುತ್ತದೆ, ಅಲ್ವಾ?

ನಮ್ಮ ಹಿರೇಬೆಣಕಲ್ಲಿನ ಕಲ್ಲುಮನೆಗಳನ್ನು ಇವುಗಳ ಜೊತೆ ನಂಟು ಹಾಕುವವರೂ ಇದ್ದಾರೆ. ಅವು ಕಬ್ಬಿಣ ಯುಗದವು. ನಡುವೆ ಸಾವಿರಾರು ವರ್ಷಗಳ ಅಂತರವಿದೆ.

ಇನ್ನು ಇನ್ವರ್ನೆಸ್ ಹತ್ತಿರದ ಕ್ಲಾವಾ. ಅಲ್ಲಿ ಸುಮಾರು 4000 ವರ್ಷ ಹಳೆಯ ಮೂರು ದೊಡ್ಡ ರಾಶಿಗಳು ಸಾಲಾಗಿವೆ. ಎರಡು ತುದಿಯವಕ್ಕೆ ಕೋಣೆಯೂ ಓಣಿಯೂ ಇವೆ. ಓಣಿಗಳು ಚಳಿಗಾಲದ ಅತಿ ಚಿಕ್ಕ ಹಗಲಿನ ಸೂರ್ಯ ಮುಳುಗುವ ಕಡೆಗೆ ಮುಖ ಮಾಡಿವೆ. ನಡುವಿನದಕ್ಕೆ ಓಣಿಯೇ ಇಲ್ಲ. ಅದನ್ನು ರಿಂಗ್ ಕೇರ್ನ್, ಅಂದರೆ ನಡುವೆ ಖಾಲಿ ಬಿಟ್ಟ ಬಳೆಯಾಕಾರದ ರಾಶಿ, ಎನ್ನಬೇಕು.