ಮಣ್ಣಿನ ಫಲಕ, ಗಾಜಿನ ಮೂಲೆ, ದೂರ ಸರಿಯುವ ಚಂದ್ರ

ಕ್ರಿ.ಪೂ. 136, ಏಪ್ರಿಲ್ 15. ಬ್ಯಾಬಿಲೋನ್ ನಗರದಲ್ಲಿ ಸೂರ್ಯ ಹುಟ್ಟಿ ಒಂದೂವರೆ ಗಂಟೆ ದಾಟಿತ್ತು. ಬಿಸಿಲು ಏರಬೇಕಾದ ಹೊತ್ತು. ಏರಲಿಲ್ಲ. ಬೆಳಕು ಕುಗ್ಗುತ್ತಾ ಹೋಗಿ, ಕೊನೆಗೆ ಪೂರ್ತಿ ಕತ್ತಲಾಯಿತು. ಶುಕ್ರ ಕಂಡಿತು, ಬುಧ ಕಂಡಿತು. ಆ ದಿನಗಳಲ್ಲಿ ಸೂರ್ಯನ ಪಕ್ಕದಲ್ಲೇ ಇದ್ದು ಕಣ್ಣಿಗೆ ಬೀಳದೇ ಹೋಗಿದ್ದ ಗುರು ಮತ್ತು ಮಂಗಳ ಕೂಡ ಕಂಡವು.

ಆಕಾಶ ನೋಡಿ ಬರೆದಿಡುವುದೇ ಕೆಲಸವಾಗಿದ್ದ ಅಲ್ಲಿನ ಲಿಪಿಕಾರರು ಇದನ್ನೆಲ್ಲ ಹಸಿ ಮಣ್ಣಿನ ಫಲಕದ ಮೇಲೆ ಒತ್ತಿಟ್ಟರು. ಸಮಯವನ್ನೂ ಬರೆದರು. ಸೂರ್ಯೋದಯವಾಗಿ 24 'ಉಶ್' ಆದಾಗ ಗ್ರಹಣ ಹಿಡಿಯಿತು. ಹಿಡಿದು ಬಿಡುವಷ್ಟರಲ್ಲಿ 35 ಉಶ್ ಕಳೆದಿತ್ತು. ಒಂದು ಉಶ್ ಅಂದರೆ ನಮ್ಮ 4 ನಿಮಿಷ. ಅಷ್ಟೇ ಬರಹ. ಭಯ ಇಲ್ಲ, ವರ್ಣನೆ ಇಲ್ಲ. ಕಂಡದ್ದು, ಕಂಡ ಹೊತ್ತು.

ಈಗ ನಾವು ಅದೇ ಗ್ರಹಣವನ್ನು ಲೆಕ್ಕ ಹಾಕೋಣ. ಸೂರ್ಯ, ಚಂದ್ರ, ಭೂಮಿ ಎಲ್ಲಿ ಎಲ್ಲಿ ಇದ್ದವು ಅಂತ ಹಿಂದಕ್ಕೆ ಹೋಗಿ ನೋಡುವುದು ಕಷ್ಟವೇನಲ್ಲ. ಭೂಮಿ ಅಂದಿನಿಂದ ಇಂದಿನವರೆಗೆ ಒಂದೇ ವೇಗದಲ್ಲಿ ತಿರುಗಿದೆ ಅಂತ ಇಟ್ಟುಕೊಂಡರೆ, ಚಂದ್ರನ ನೆರಳು ಬ್ಯಾಬಿಲೋನ್ ಮೇಲೆ ಬೀಳುವುದೇ ಇಲ್ಲ! ಸುಮಾರು 49 ಡಿಗ್ರಿ ಪಶ್ಚಿಮಕ್ಕೆ ಬೀಳುತ್ತದೆ. ಆದರೆ ನೋಡಿದವರು ನೋಡಿದ್ದೇವೆ ಅಂತ ಬರೆದಿದ್ದಾರೆ. ಹಾಗಾದರೆ ಲೆಕ್ಕದಲ್ಲೇ ಏನೋ ತಪ್ಪಿದೆ. ತಪ್ಪಿರುವುದು ಆ 'ಒಂದೇ ವೇಗ' ಅನ್ನುವ ಮಾತು. ಭೂಮಿ ನಿಧಾನವಾಗುತ್ತಿದೆ. ದಿನ ಉದ್ದವಾಗುತ್ತಿದೆ.

ಎಷ್ಟು? ಒಂದು ಶತಮಾನಕ್ಕೆ ಸುಮಾರು 1.8 ಮಿಲಿಸೆಕೆಂಡ್. ಅಂದರೆ ಸೆಕೆಂಡಿನ ಸಾವಿರ ಪಾಲಿನಲ್ಲಿ ಎರಡು ಪಾಲೂ ಇಲ್ಲ. ಇದರಿಂದ 49 ಡಿಗ್ರಿ ಹೇಗೆ ಬಂತು ಅನ್ನಿಸುತ್ತದೆ, ಅಲ್ವಾ? ದಿನಾ ಒಂದಿಷ್ಟು ಹಿಂದೆ ಬೀಳುವ ಗಡಿಯಾರವನ್ನು ನೆನೆಸಿಕೊಳ್ಳಿ. ಒಂದು ದಿನದ ತಪ್ಪು ಗಮನಕ್ಕೇ ಬರುವುದಿಲ್ಲ. ವರ್ಷಗಟ್ಟಲೆ ಸರಿಮಾಡದೇ ಬಿಟ್ಟರೆ ಗಂಟೆಗಳೇ ತಪ್ಪಿಹೋಗುತ್ತವೆ. ನಾವು ಬಳಸುವ ಸೆಕೆಂಡಿನ ಅಳತೆ ಬಂದದ್ದು 19ನೇ ಶತಮಾನದ ದಿನದಿಂದ. ಅಲ್ಲಿಂದ ಹಿಂದಕ್ಕೆ ಈ ಗ್ರಹಣದವರೆಗೆ 7 ಲಕ್ಷಕ್ಕೂ ಹೆಚ್ಚು ದಿನಗಳು. ದಿನದ ವ್ಯತ್ಯಾಸ ಆ ತುದಿಯಲ್ಲಿ 35 ಮಿಲಿಸೆಕೆಂಡಿನ ಹತ್ತಿರ, ಈ ತುದಿಯಲ್ಲಿ ಸೊನ್ನೆ. ಅಷ್ಟೂ ದಿನಗಳಲ್ಲಿ ಸರಾಸರಿ ದಿನಕ್ಕೆ 17 ಮಿಲಿಸೆಕೆಂಡ್ ಅಂದರೂ, ಕೂಡಿಸಿದಾಗ ಮೂರು ಗಂಟೆ ದಾಟುತ್ತದೆ. ಮೂರೂಕಾಲು ಗಂಟೆಯಲ್ಲಿ ಭೂಮಿ ತಿರುಗುವುದು ಸರಿಯಾಗಿ 49 ಡಿಗ್ರಿಯ ಆಸುಪಾಸು.

ನನಗೆ ಈ ಸಂಗತಿ ಮೊದಲ ಸಲ ಗೊತ್ತಾದಾಗ ತಲೆಗೆ ಬಂದ ಪ್ರಶ್ನೆ ಬೇರೆ. ಇದು ಯಾರ ಸಂಶೋಧನೆ? ವಿಶ್ವವಿದ್ಯಾಲಯದ ಯಾವ ಕಟ್ಟಡದಲ್ಲಿ ಇದನ್ನು ಹುಡುಕಬೇಕು? ಸತ್ತುಹೋದ ಭಾಷೆ ಓದುವವರು ಒಂದು ಕಡೆ. ಗಾಜು ಮತ್ತು ಲೇಸರ್ ಜೊತೆ ಕೆಲಸ ಮಾಡುವ ಎಂಜಿನಿಯರುಗಳು ಇನ್ನೊಂದು ಕಡೆ. ಗ್ರಹಗಳ ಹೊಟ್ಟೆಯೊಳಗೆ ಏನಿದೆ ಅಂತ ಯೋಚಿಸುವವರು ಮತ್ತೊಂದು ಕಡೆ. ದಿನದ ಉದ್ದ ಇವರಲ್ಲಿ ಒಬ್ಬರ ಕೈಗೂ ಪೂರ್ತಿ ಸಿಗುವುದಿಲ್ಲ.

ಮೊದಲು ಭಾಷೆಯವರ ಕೆಲಸ ನೋಡಿ. ಬೆಣೆಯಾಕಾರದ ಗುರುತುಗಳ ಆ ಲಿಪಿಯನ್ನು ಓದಬಲ್ಲವರು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಯಾರೂ ಇರಲಿಲ್ಲ. 19ನೇ ಶತಮಾನದಲ್ಲಿ ಕೆಲವರು "ನಮಗೆ ಓದಲು ಬರುತ್ತದೆ" ಅಂದಾಗ ಸುಲಭಕ್ಕೆ ಯಾರೂ ನಂಬಲಿಲ್ಲ. 1857ರಲ್ಲಿ ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿ ಒಂದು ಪರೀಕ್ಷೆ ನಡೆಸಿತು. ರಾಲಿನ್‌ಸನ್, ಹಿಂಕ್ಸ್, ಟಾಲ್ಬಟ್, ಓಪರ್ಟ್ ಎಂಬ ನಾಲ್ವರು ಒಂದೇ ಶಾಸನವನ್ನು ಬೇರೆ ಬೇರೆಯಾಗಿ ಅನುವಾದಿಸಿದರು. ಒಬ್ಬರದನ್ನು ಇನ್ನೊಬ್ಬರು ನೋಡುವಂತಿಲ್ಲ. ಆಮೇಲೆ ನಾಲ್ಕನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ ಮುಖ್ಯ ಸಂಗತಿಗಳೆಲ್ಲ ಹೊಂದಿದವು. ಪ್ರಯೋಗ, ಪರೀಕ್ಷೆ ಅಂದರೆ ಬರೀ ಲ್ಯಾಬಿನ ಸ್ವತ್ತು ಅಂದುಕೊಳ್ಳುವವರಿಗೆ ನಾನು ಈ ಕಥೆಯನ್ನು ತಪ್ಪದೇ ಹೇಳುತ್ತೇನೆ.

ಖಗೋಳದ ಫಲಕಗಳ ಸರದಿ ಬಂದದ್ದು ಇನ್ನೂ ತಡವಾಗಿ. ಬ್ರಿಟಿಷ್ ಮ್ಯೂಸಿಯಂನಲ್ಲಿ ಕೂತು ಸ್ಟ್ರಾಸ್‌ಮೈಯರ್ ಎಂಬ ಜೆಸ್ಯೂಟ್ ಪಾದ್ರಿ ಸಾವಿರಾರು ಫಲಕಗಳನ್ನು ಕೈಯಾರೆ ನಕಲು ಮಾಡಿದರು. ಕೆಲವು ಫಲಕಗಳ ತುಂಬ ಬರೀ ಅಂಕಿಗಳು. ಅವನ್ನು ಗಣಿತ ಬಲ್ಲ ಇನ್ನೊಬ್ಬ ಪಾದ್ರಿ ಎಪ್ಪಿಂಗ್ ಬಿಡಿಸಿದರು. ಇದು 1880ರ ದಶಕದ ಮಾತು. ದಿನಚರಿಯಂತಿರುವ ಫಲಕಗಳ ಪೂರ್ತಿ ಸಂಪಾದನೆಗೆ ಇನ್ನೂ ನೂರು ವರ್ಷ ಹಿಡಿಯಿತು. ಅಬ್ರಹಾಂ ಸಾಕ್ಸ್ ಅದಕ್ಕಾಗಿ ದಶಕಗಟ್ಟಲೆ ದುಡಿದು 1983ರಲ್ಲಿ ತೀರಿಕೊಂಡರು. ಹರ್ಮನ್ ಹುಂಗರ್ ಕೆಲಸ ಮುಂದುವರಿಸಿ 1988ರಲ್ಲಿ ಮೊದಲ ಸಂಪುಟ ಹೊರತಂದರು.

ಆ ದಿನಚರಿಗಳಲ್ಲಿ ಏನೇನಿದೆ ಗೊತ್ತಾ? ಚಂದ್ರ, ಗ್ರಹಗಳ ಜಾಗ. ಮಳೆ, ಗಾಳಿ, ಮೋಡ. ಯೂಫ್ರಟಿಸ್ ನದಿಯ ನೀರಿನ ಮಟ್ಟ. ಒಂದು ಶೆಕೆಲ್ ತೂಕದ ಬೆಳ್ಳಿಗೆ ಎಷ್ಟು ಬಾರ್ಲಿ, ಎಷ್ಟು ಖರ್ಜೂರ, ಎಷ್ಟು ಎಳ್ಳು, ಎಷ್ಟು ಉಣ್ಣೆ. ಕ್ರಿ.ಪೂ. 323ರ ಒಂದು ಫಲಕದಲ್ಲಿ "ರಾಜ ಸತ್ತ" ಅಂತಿದೆ, ಜೊತೆಗೆ ಅವತ್ತು ಮೋಡ ಇತ್ತು ಅಂತಲೂ ಇದೆ. ಆ ರಾಜ ಅಲೆಕ್ಸಾಂಡರ್. ಸಿಕ್ಕಿರುವ ಅತಿ ಹಳೆಯ ದಿನಚರಿ ಕ್ರಿ.ಪೂ. 652ರದು. ಅಲ್ಲಿಂದ ಸುಮಾರು ಆರು ನೂರು ವರ್ಷ ಈ ಪದ್ಧತಿ ನಡೆದಿದೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು ಒಂದು ವ್ಯಾಕರಣದ ಸಂಗತಿ. ಬ್ಯಾಬಿಲೋನಿನವರು ಗ್ರಹಣವನ್ನು ಮೊದಲೇ ಲೆಕ್ಕ ಹಾಕಿ ಹೇಳಬಲ್ಲವರಾಗಿದ್ದರು. 18 ವರ್ಷ 11 ದಿನಗಳ ಚಕ್ರ ಅವರಿಗೆ ಗೊತ್ತಿತ್ತು. ಹಾಗಾಗಿ ಫಲಕದಲ್ಲಿ ಕಂಡ ಗ್ರಹಣವೂ ಇರುತ್ತದೆ, ಲೆಕ್ಕದ ಗ್ರಹಣವೂ ಇರುತ್ತದೆ. ಎರಡನ್ನೂ ಬೆರೆಸಿಬಿಟ್ಟರೆ ಭೂಮಿಯ ವೇಗದ ಲೆಕ್ಕ ಹಾಳಾಗುತ್ತದೆ. ವ್ಯತ್ಯಾಸ ತಿಳಿಯುವುದು ಹೇಗೆ? ಪದಗಳ ಕ್ರಮದಿಂದ. 'ಚಂದ್ರ' ಮೊದಲು ಬಂದು 'ಗ್ರಹಣ' ಆಮೇಲೆ ಬಂದರೆ ಅದು ಕಣ್ಣಾರೆ ಕಂಡದ್ದು. 'ಗ್ರಹಣ' ಮೊದಲು ಬಂದರೆ ಲೆಕ್ಕ ಹಾಕಿದ್ದು. ಎಷ್ಟೋ ಫಲಕಗಳನ್ನು ಓದಿ ಓದಿ ಕಣ್ಣು ಪಳಗಿದವರಿಗೆ ಮಾತ್ರ ಸಿಗುವ ತಿಳಿವು ಇದು. ಯಾವ ದೂರದರ್ಶಕಕ್ಕೂ ಇದು ಕಾಣಿಸುವುದಿಲ್ಲ. ಹಳೆಯ ಭಾಷೆಗಳ ಅಧ್ಯಯನದಿಂದ ಏನು ಪ್ರಯೋಜನ ಅಂತ ಕೇಳುವವರು ಈಗಲೂ ಇದ್ದಾರೆ. ಆ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಎರಡು ಪದಗಳ ಹಿಂದು ಮುಂದು ಗೊತ್ತಿಲ್ಲದಿದ್ದರೆ ಭೂಮಿಯ ತಿರುಗುವಿಕೆಯೇ ನಮಗೆ ತಪ್ಪಾಗಿ ತಿಳಿಯುತ್ತಿತ್ತು.

ಇನ್ನು ಭೂಮಿ ನಿಧಾನವಾಗುವುದು ಯಾಕೆ? ಕಾರಣ ಚಂದ್ರ. ಚಂದ್ರನ ಸೆಳೆತಕ್ಕೆ ಕಡಲು ಉಬ್ಬುತ್ತದೆ. ಭೂಮಿ ಬೇಗ ಬೇಗ ತಿರುಗುವುದರಿಂದ ಆ ಉಬ್ಬು ಚಂದ್ರನ ನೇರಕ್ಕಿಂತ ಸ್ವಲ್ಪ ಮುಂದಕ್ಕೆ ಹೋಗಿರುತ್ತದೆ. ಚಂದ್ರ ಅದನ್ನು ಹಿಂದಕ್ಕೆ ಎಳೆಯುತ್ತದೆ. ಕಡಲತಳಕ್ಕೆ ನೀರು ಉಜ್ಜುತ್ತದೆ, ಭೂಮಿಯ ವೇಗ ಕುಗ್ಗುತ್ತದೆ. ತತ್ವಜ್ಞಾನಿ ಕಾಂಟ್ 1754ರಲ್ಲೇ ಇದನ್ನು ಊಹಿಸಿದ್ದರು. ಆದರೆ ಎಳೆತ ಒಂದೇ ಕಡೆಯದಲ್ಲ. ಮುಂದಿರುವ ಆ ಉಬ್ಬು ಚಂದ್ರನನ್ನೂ ಮುಂದಕ್ಕೆ ಎಳೆಯುತ್ತದೆ. ಅದರಿಂದ ಚಂದ್ರ ನಿಧಾನಕ್ಕೆ ನಮ್ಮಿಂದ ದೂರ ಸರಿಯುತ್ತದೆ. ಭೂಮಿ ಕಳೆದುಕೊಂಡದ್ದನ್ನು ಚಂದ್ರ ಪಡೆದುಕೊಳ್ಳುತ್ತದೆ.

ಮಾತು ಚೆನ್ನಾಗಿದೆ. ಅಳೆಯುವುದು ಹೇಗೆ? ಇಲ್ಲಿ ಎಂಜಿನಿಯರುಗಳು ಬೇಕು.

1969ರಲ್ಲಿ ಅಪೊಲೊ 11ರ ಗಗನಯಾತ್ರಿಗಳು ಚಂದ್ರನ ಮೇಲೆ ಒಂದು ಪೆಟ್ಟಿಗೆಯಂಥ ಫಲಕ ಇಟ್ಟು ಬಂದರು. ಅದರಲ್ಲಿ ಸಾಲಿಗೆ ಹತ್ತರಂತೆ ಹತ್ತು ಸಾಲು, ಒಟ್ಟು 100 ಗಾಜಿನ ತುಂಡುಗಳು. ಒಂದೊಂದೂ 3.8 ಸೆಂಟಿಮೀಟರ್ ಅಗಲ. ಕೋಣೆಯ ಮೂಲೆಯಲ್ಲಿ ಎರಡು ಗೋಡೆ ಮತ್ತು ನೆಲ ಸೇರುತ್ತವಲ್ಲ, ಆ ಆಕಾರ ಅದಕ್ಕೆ. ಅಂಥ ಮೂಲೆಗೆ ಒಂದು ಚೆಂಡನ್ನು ಜೋರಾಗಿ ಎಸೆದರೆ ಮೂರೂ ಕಡೆ ಬಡಿದು ಎಸೆದವರ ಕಡೆಗೇ ವಾಪಸ್ ಬರುತ್ತದೆ. ಬೆಳಕೂ ಹಾಗೆಯೇ. ಯಾವ ಕೋನದಿಂದ ಬಂದರೂ ಬಂದ ದಾರಿಯಲ್ಲೇ ಮರಳುತ್ತದೆ. ಸೈಕಲ್ಲಿನ ಹಿಂದಿರುವ ಕೆಂಪು ರಿಫ್ಲೆಕ್ಟರ್ ಕೆಲಸ ಮಾಡುವುದೂ ಇದೇ ರೀತಿ.

ಇದರಲ್ಲಿ ಬ್ಯಾಟರಿ ಇಲ್ಲ, ತಂತಿ ಇಲ್ಲ, ಅಲುಗಾಡುವ ಭಾಗ ಒಂದೂ ಇಲ್ಲ. ಆದರೂ ಮಾಡುವುದು ಸುಲಭ ಅಲ್ಲ. ಚಂದ್ರನ ಮೇಲೆ ಹಗಲು ಕುದಿಯುವ ನೀರಿಗಿಂತ ಬಿಸಿ, ರಾತ್ರಿ ಸೊನ್ನೆಗಿಂತ ನೂರು ಡಿಗ್ರಿಗೂ ಕೆಳಗೆ. ಗಾಜಿನ ಒಂದು ಬದಿ ಬಿಸಿಯಾಗಿ ಇನ್ನೊಂದು ತಣ್ಣಗಿದ್ದರೆ ಬೆಳಕಿನ ದಾರಿ ಕೆಡುತ್ತದೆ. ಅದಕ್ಕೇ ಬಿಸಿಗೆ ಹೆಚ್ಚು ಹಿಗ್ಗದ ಶುದ್ಧ ಸಿಲಿಕಾ ಗಾಜನ್ನು ಆರಿಸಿಕೊಂಡರು. ಓರೆ ಬಿಸಿಲು ತಾಗದಂತೆ ಗಾಜಿನ ತುಂಡುಗಳನ್ನು ಅಲ್ಯೂಮಿನಿಯಂ ಫಲಕದ ಕುಳಿಗಳೊಳಗೆ ಇಳಿಸಿ ಕೂರಿಸಿದರು. ಅಪೊಲೊ 14 ಮತ್ತು 15 ಕೂಡ ಇಂಥವನ್ನೇ ಇಟ್ಟವು. ಚಂದ್ರನ ಮೇಲೆ ಓಡಾಡಿದ ಸೋವಿಯತ್ತಿನ ಎರಡು ಲುನೊಖೋದ್ ಗಾಡಿಗಳ ಮೇಲೂ ಇವೆ. ಅವುಗಳಲ್ಲಿ ಮೊದಲನೆಯದು ನಿಂತ ಜಾಗ ಸರಿಯಾಗಿ ಗೊತ್ತಿಲ್ಲದೆ ದಶಕಗಟ್ಟಲೆ ಕಳೆದುಹೋಗಿತ್ತು. 2010ರಲ್ಲಿ, ಚಂದ್ರನನ್ನು ಸುತ್ತುವ ನೌಕೆಯೊಂದು ತೆಗೆದ ಚಿತ್ರ ನೋಡಿ ಮತ್ತೆ ಹುಡುಕಿದರು.

ನ್ಯೂ ಮೆಕ್ಸಿಕೋದ ಅಪಾಚೆ ಪಾಯಿಂಟ್ ವೀಕ್ಷಣಾಲಯದಲ್ಲಿ 3.5 ಮೀಟರ್ ದೂರದರ್ಶಕದಿಂದ ಲೇಸರ್ ಬಿಡುತ್ತಾರೆ. ಸೆಕೆಂಡಿಗೆ 20 ಸಲ. ಪ್ರತಿ ಸಲವೂ ಹೊರಡುವ ಬೆಳಕಿನ ಕಣಗಳ ಸಂಖ್ಯೆ 3ರ ಮುಂದೆ 17 ಸೊನ್ನೆ ಹಾಕಿದಷ್ಟು. ಚಂದ್ರನನ್ನು ಮುಟ್ಟುವಷ್ಟರಲ್ಲಿ ಆ ಸಣ್ಣ ಕಿರಣ ಸುಮಾರು 2 ಕಿಲೋಮೀಟರ್ ಅಗಲಕ್ಕೆ ಹರಡಿರುತ್ತದೆ. ಗಾಜಿಗೆ ಬೀಳುವುದು ಅದರಲ್ಲಿ ಎಳ್ಳಷ್ಟು. ಮರಳುವಾಗ ಮತ್ತೆ ಹರಡುತ್ತದೆ. ಎರಡೂವರೆ ಸೆಕೆಂಡ್ ಕಾದ ಮೇಲೆ ವಾಪಸ್ ಸಿಗುವುದು ಒಂದೋ ಎರಡೋ ಕಣ. ಅದೊಂದು ಕಣ ಬಂದ ಹೊತ್ತನ್ನು ಹಿಡಿದು, ಅಂಥ ಸಾವಿರಾರನ್ನು ಕೂಡಿಸಿ, ಚಂದ್ರನ ದೂರವನ್ನು ಮಿಲಿಮೀಟರ್ ಮಟ್ಟಕ್ಕೆ ಹೇಳುತ್ತಾರೆ. ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಹೋಗುತ್ತಿದೆ. ಗಾಜಿನ ಒಂದು ತುಂಡಿನ ಅಗಲವೂ ಅಷ್ಟೇ ಅಂತ ನೆನಪಾದಾಗ ನನಗೆ ಖುಷಿಯಾಗುತ್ತದೆ.

ಇನ್ನೊಂದು ವಿಚಿತ್ರವನ್ನು ಹೇಳಲೇಬೇಕು. ಹುಣ್ಣಿಮೆಯ ಹೊತ್ತಿಗೆ ಮರಳುವ ಬೆಳಕು ತುಂಬಾ ಕಮ್ಮಿಯಾಗುತ್ತಿತ್ತು. ಗಾಜಿನ ಮೇಲೆ ಕೂತ ಧೂಳು ಬಿಸಿಲಿಗೆ ಕಾದು ಗಾಜನ್ನು ಕೆಡಿಸುತ್ತಿರಬಹುದು ಅಂತ ಅನುಮಾನ ಬಂತು. ಖಚಿತ ಮಾಡಿಕೊಳ್ಳಲು ಹುಣ್ಣಿಮೆ ದಿನವೇ ಬಿಸಿಲು ಇಲ್ಲದಂತೆ ಮಾಡಬೇಕು. ಅದಕ್ಕಿರುವ ದಾರಿ ಒಂದೇ, ಗ್ರಹಣ. 2010ರ ಡಿಸೆಂಬರ್ ಚಂದ್ರಗ್ರಹಣದ ರಾತ್ರಿ ಲೇಸರ್ ಬಿಟ್ಟು ನೋಡಿದರು. ಭೂಮಿಯ ನೆರಳು ಗಾಜಿನ ಮೇಲೆ ಬಿದ್ದದ್ದೇ ತಡ, ಮರಳುವ ಬೆಳಕು ಹತ್ತು ಪಟ್ಟಿನಷ್ಟು ಏರಿತು.

ಈಗ ಎರಡು ಅಂಕಿಗಳನ್ನು ಪಕ್ಕದಲ್ಲಿಡಿ. ಚಂದ್ರ ಇಷ್ಟು ದೂರ ಸರಿಯುತ್ತಿದ್ದರೆ ದಿನ ಶತಮಾನಕ್ಕೆ 2.3 ಮಿಲಿಸೆಕೆಂಡ್ ಉದ್ದವಾಗಬೇಕು. ಇದು ಲೇಸರ್ ಹೇಳುವುದು. ಹಳೆಯ ಗ್ರಹಣಗಳು ಹೇಳುವುದು 1.8. ಎರಡೂ ಸರಿ. ನಡುವಿನ ಅರ್ಧ ಮಿಲಿಸೆಕೆಂಡ್ ಎಲ್ಲಿ ಹೋಯಿತು?

ಅದರ ಬಹುಪಾಲು ಉತ್ತರ ನೆಲದಡಿ ಇದೆ. ಹಿಮಯುಗದಲ್ಲಿ ಧ್ರುವಗಳ ಕಡೆ ಕಿಲೋಮೀಟರುಗಟ್ಟಲೆ ದಪ್ಪದ ಮಂಜು ನೆಲವನ್ನು ಒತ್ತಿ ಹಿಡಿದಿತ್ತು. ಮಂಜು ಕರಗಿ ಸಾವಿರಾರು ವರ್ಷ ಆಯಿತು. ಆದರೆ ಭೂಮಿಯ ಒಳಗಿನ ಬಂಡೆ ಗಟ್ಟಿ ಪಾಕದ ಹಾಗೆ ಬಲು ನಿಧಾನಕ್ಕೆ ಹರಿಯುತ್ತದೆ. ಹಾಗಾಗಿ ನೆಲ ಇನ್ನೂ ಮೇಲೇಳುತ್ತಲೇ ಇದೆ. ಧ್ರುವಗಳ ಕಡೆ ಭೂಮಿ ತುಂಬಿಕೊಂಡಂತೆ, ನಡುವಿನ ಉಬ್ಬು ತುಸು ತಗ್ಗುತ್ತದೆ. ಗಿರಗಿರನೆ ತಿರುಗುವವರು ಚಾಚಿದ ಕೈಗಳನ್ನು ಮೈಗೆ ಒತ್ತಿಕೊಂಡರೆ ಇನ್ನೂ ಜೋರಾಗಿ ತಿರುಗುತ್ತಾರಲ್ಲ, ಹಾಗೆ ಭೂಮಿಗೂ ಒಂಚೂರು ವೇಗ ಸಿಗುತ್ತದೆ. ಆ ಮಣ್ಣಿನ ಫಲಕ ಬರೆದವರಿಗೆ ಹಿಮಯುಗ ಅನ್ನುವುದೊಂದು ಇತ್ತು ಅಂತಲೇ ಗೊತ್ತಿರಲಿಲ್ಲ. ಅವರ ಅಕ್ಷರಗಳಲ್ಲಿ ಅದರ ಗುರುತು ಉಳಿದಿದೆ.

ಇನ್ನೂ ಹಿಂದಕ್ಕೆ ಹೋಗಬೇಕಾದರೆ ಬರಹ ಇಲ್ಲ, ಹವಳ ಇದೆ. 1963ರಲ್ಲಿ ಪಳೆಯುಳಿಕೆ ತಜ್ಞ ಜಾನ್ ವೆಲ್ಸ್ ಸುಮಾರು 40 ಕೋಟಿ ವರ್ಷ ಹಳೆಯ ಹವಳಗಳ ಮೈಮೇಲಿನ ಸಣ್ಣ ಗೆರೆಗಳನ್ನು ಎಣಿಸಿದರು. ಗೆರೆ ದಿನಕ್ಕೊಂದು. ವರ್ಷಕ್ಕೆ ಸುಮಾರು 400 ಬಂದವು. ಆಗ ದಿನ ಅಂದರೆ ಹತ್ತಿರ ಹತ್ತಿರ 22 ಗಂಟೆ.

ಬ್ಯಾಬಿಲೋನಿನ ದಿನಚರಿಗಳಲ್ಲಿ ಗ್ರಹಣಗಳಿಗಿಂತ ಎಷ್ಟೋ ಜಾಸ್ತಿ ಸಲ ಬರುವ ಇನ್ನೊಂದು ಮಾತಿದೆ. ಮೋಡ ಇತ್ತು, ನಾನು ನೋಡಲಿಲ್ಲ. ಅವರು ಸುಮ್ನೆ ಊಹಿಸಿ, ಕಂಡೆವು ಅಂತ ಬರೆದುಬಿಡಬಹುದಿತ್ತು. ಲೆಕ್ಕವೂ ಗೊತ್ತಿತ್ತು. ಬರೆಯಲಿಲ್ಲ. ಅಪಾಚೆ ಪಾಯಿಂಟಿನಲ್ಲೂ ಮೋಡ ಕವಿದ ರಾತ್ರಿ ಲೇಸರ್ ಬಿಡಲು ಆಗುವುದಿಲ್ಲ. ಮೋಡ ಸರಿಯುವವರೆಗೆ ಚಂದ್ರನ ಮೇಲಿನ ಗಾಜು ಇದ್ದಲ್ಲೇ ಇರುತ್ತದೆ, ಭೂಮಿಯ ಕಡೆ ಮುಖ ಮಾಡಿ.