ಪಪ್ಪಾಯಿಗೆ ಖನಿಜ ಎಣ್ಣೆ ಹೊಡೆಯುವ ಮುನ್ನ

ಪಪ್ಪಾಯಿ ಬೆಳೆಗಾರರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಇದು: "ಸಾರ್, ಎಷ್ಟು ಹುಡುಕಿದರೂ ತೋಟದಲ್ಲಿ ಒಂದು ಹೇನು ಸಿಗಲ್ಲ. ಮತ್ತೆ ವೈರಸ್ ಎಲ್ಲಿಂದ ಬಂತು?"

ಅವರು ನೋಡಿದ್ದು ಸರಿಯಾಗಿಯೇ ಇದೆ. ಪಪ್ಪಾಯಿಯ ಉಂಗುರ ಚುಕ್ಕೆ ಎಂಬ ವೈರಸ್ ರೋಗ ಹರಡುವ ಹೇನುಗಳು, ಅಂದರೆ ಗಿಡದ ರಸ ಹೀರುವ ಸಣ್ಣ ಸಸ್ಯಹೇನುಗಳು, ಪಪ್ಪಾಯಿ ಮೇಲೆ ಸಂಸಾರ ಹೂಡುವುದಿಲ್ಲ. ಪಕ್ಕದ ಹತ್ತಿ, ಅಲಸಂದೆ, ಸೌತೆ ಹೊಲದಲ್ಲಿ ಹುಟ್ಟಿ, ರೆಕ್ಕೆ ಬಂದ ಮೇಲೆ ಹಾರಿ ಬರುತ್ತವೆ. ಎಲೆ ಮೇಲೆ ಕೂತು, ಇದು ತಮ್ಮ ಊಟವೋ ಅಲ್ಲವೋ ಅಂತ ಬಾಯಿಯ ಸೂಜಿ ಚುಚ್ಚಿ ನೋಡುತ್ತವೆ. ಹಿಡಿಸದಿದ್ದರೆ ಮುಂದಿನ ಗಿಡಕ್ಕೆ ಹೋಗುತ್ತವೆ. ಇದೆಲ್ಲ ಕೆಲವೇ ಸೆಕೆಂಡಿನ ಕೆಲಸ. ರೋಗದ ಗಿಡದ ವೈರಸ್ ಸೂಜಿಯ ತುದಿಗೆ ಹತ್ತಲು ಅಷ್ಟು ಸಾಕು, ಒಳ್ಳೆ ಗಿಡಕ್ಕೆ ದಾಟಲೂ ಅಷ್ಟೇ ಸಾಕು.

ಕೀಟನಾಶಕ ಇಲ್ಲಿ ಸೋಲುವುದು ಇದಕ್ಕೇ. ವಿಷ ಏರಿ ಹೇನು ಸಾಯುವ ಹೊತ್ತಿಗೆ ಅದು ನಾಲ್ಕಾರು ಗಿಡ ಚುಚ್ಚಿ ಆಗಿರುತ್ತದೆ. ವಾರವಾರ ಔಷಧಿ ಹೊಡೆದು ಸುಸ್ತಾದ ರೈತರನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಹೇನು ತಿನ್ನುವ ಗುಲಗಂಜಿ ಹುಳ ಸತ್ತಿತು, ದುಡ್ಡೂ ಹೋಯಿತು, ರೋಗ ಮಾತ್ರ ನಿಲ್ಲಲಿಲ್ಲ.

ಖನಿಜ ಎಣ್ಣೆಯ, ಅಂದರೆ ಪೆಟ್ರೋಲಿಯಂನಿಂದ ತೆಗೆದು ಶುದ್ಧೀಕರಿಸಿದ ಎಣ್ಣೆಯ, ಕೆಲಸ ಬೇರೆ. 1962ರಲ್ಲಿ ಬ್ರ್ಯಾಡ್ಲಿ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಆಲೂಗಡ್ಡೆಯ 'ವೈ' ವೈರಸ್ ಮೇಲೆ ಇದನ್ನು ತೋರಿಸಿದರು. ಎಲೆ ಮೇಲೆ ಎಣ್ಣೆಯ ತೆಳು ಪದರ ಇದ್ದರೆ, ಅದರ ಮೂಲಕ ಚುಚ್ಚಿದ ಹೇನಿನ ಸೂಜಿಯಲ್ಲಿ ವೈರಸ್ ಸರಿಯಾಗಿ ಅಂಟಿ ನಿಲ್ಲುವುದಿಲ್ಲ. ಹೇನು ಬದುಕಿದ್ದರೂ ರೋಗ ದಾಟುವುದು ಕಡಿಮೆಯಾಗುತ್ತದೆ. ನೆದರ್ಲೆಂಡ್ಸ್‌ನ ಬಿತ್ತನೆ ಆಲೂಗಡ್ಡೆ ಬೆಳೆಗಾರರು ಇವತ್ತಿಗೂ ಇದೇ ಕಾರಣಕ್ಕೆ ಖನಿಜ ಎಣ್ಣೆ ಸಿಂಪಡಿಸುತ್ತಾರೆ. ಮೈಮೇಲೆ ನೇರವಾಗಿ ಬಿದ್ದರೆ ಉಸಿರಾಟದ ರಂಧ್ರ ಮುಚ್ಚಿ ಹೇನೂ ಸಾಯುತ್ತದೆ. ಅದು ಹೆಚ್ಚುವರಿ ಲಾಭ ಅಷ್ಟೆ.

ಹಾಗಾಗಿ ರೋಗ ಕಂಡ ಮೇಲೆ ಎಣ್ಣೆ ತರಲು ಓಡುವುದರಲ್ಲಿ ಅರ್ಥವಿಲ್ಲ. ನಾಟಿ ಮಾಡಿದ ಮೊದಲ ವಾರಗಳಿಂದಲೇ ಶುರು ಮಾಡಬೇಕು. ಬೆಳೆಗೆಂದೇ ಶುದ್ಧೀಕರಿಸಿದ ಖನಿಜ ಎಣ್ಣೆ ಆದರೆ ಸಾಮಾನ್ಯವಾಗಿ ಲೀಟರ್ ನೀರಿಗೆ 10 ಮಿಲಿ, ಅಂದರೆ ಶೇ. 1. ಡಬ್ಬಿಯ ಮೇಲೆ ಬೇರೆ ಪ್ರಮಾಣ ಇದ್ದರೆ ಅದನ್ನೇ ಪಾಲಿಸಿ. ಗ್ಯಾರೇಜಿನ ಎಣ್ಣೆ, ಡೀಸೆಲ್ ಖಂಡಿತ ಬೇಡ, ಎಲೆ ಸುಟ್ಟು ಹೋಗುತ್ತದೆ. ಪಂಪಿನಲ್ಲಿ ಎಣ್ಣೆ ಮೇಲೆ ತೇಲದಂತೆ ಆಗಾಗ ಕದಡುತ್ತಿರಿ. ಸಣ್ಣ ಹನಿ ಬೀಳುವ ನಾಜಲ್ ಬಳಸಿ. ಎಲೆಯ ಕೆಳಭಾಗವನ್ನು ಜಾಸ್ತಿ ಗಮನಿಸಿ. ಎಣ್ಣೆ ಗಿಡದೊಳಗೆ ಹರಿದು ಹೋಗುವ ವಸ್ತುವಲ್ಲ, ಬಿದ್ದ ಕಡೆ ಮಾತ್ರ ಅದರ ರಕ್ಷಣೆ. ಪಪ್ಪಾಯಿ ಹೊಸ ಎಲೆ ಬಿಡುತ್ತಲೇ ಇರುತ್ತದೆ, ಆ ಎಲೆಗೆ ಏನೂ ಇಲ್ಲ. ಅದಕ್ಕೇ ವಾರಕ್ಕೊಮ್ಮೆ ಸಿಂಪಡಣೆ ಬೇಕು. ಜೋರು ಮಳೆ ಬಂದರೆ ಇನ್ನೂ ಬೇಗ.

ಪಪ್ಪಾಯಿ ಎಲೆ ತುಂಬಾ ನಾಜೂಕು. ಮೊದಲು ಐದಾರು ಗಿಡಕ್ಕೆ ಹೊಡೆದು ಕೆಲವು ದಿನ ಕಾದು ನೋಡಿ. ಸುಡು ಬಿಸಿಲಲ್ಲಿ, ನೀರಿಲ್ಲದೆ ಬಾಡಿದ ಗಿಡಕ್ಕೆ ಹೊಡೆಯಬೇಡಿ. ಗಂಧಕದ ಜೊತೆ ಬೆರೆಸಲೇಬೇಡಿ. ಗಂಧಕ ಹೊಡೆದು ಎರಡು ಮೂರು ವಾರ ಕಳೆಯುವ ತನಕ ಎಣ್ಣೆಯನ್ನು ಮುಟ್ಟಬೇಡಿ.

ಇನ್ನೊಂದು ಮಾತು. ಬಾಳೆಯ ಬಂಚಿ ಟಾಪ್, ಟೊಮೆಟೊ ಎಲೆ ಮುದುರು ರೋಗಕ್ಕೆ ಈ ಲೆಕ್ಕ ಹೊಂದುವುದಿಲ್ಲ. ಬಾಳೆಯಲ್ಲಿ ಹರಡುವುದು ಹೇನು, ಟೊಮೆಟೊದಲ್ಲಿ ಬಿಳಿನೊಣ. ಎರಡರಲ್ಲೂ ವೈರಸ್ ಕೀಟದ ಹೊಟ್ಟೆಗೆ ಇಳಿದು, ಒಳಗೆ ಸುತ್ತಿ, ಜೊಲ್ಲಿನ ಮೂಲಕ ಹೊರಬರುತ್ತದೆ. ಸೂಜಿ ತುದಿಯಲ್ಲಿ ತಡೆಯಲು ಅಲ್ಲಿ ಏನೂ ಇರುವುದಿಲ್ಲ. ಅಂಗಡಿಯವರು "ಎಲ್ಲಾ ವೈರಸ್‌ಗೂ ಇದೇ" ಅಂತ ಕೊಟ್ಟರೆ ನಂಬಬೇಡಿ.

ಪಪ್ಪಾಯಿಯಲ್ಲೂ ಎಣ್ಣೆ ರೋಗವನ್ನು ತಗ್ಗಿಸುತ್ತದೆಯೇ ಹೊರತು ಪೂರ್ತಿ ತಡೆಯುವುದಿಲ್ಲ. ಸಸಿಗಳನ್ನು ನೈಲಾನ್ ಬಲೆಯೊಳಗೆ ಬೆಳೆಸಿ. ನಾಟಿಗೆ ಮೊದಲೇ ತೋಟದ ಸುತ್ತ ಮುಸುಕಿನ ಜೋಳ ಹಾಕಿ. ಹಾರಿ ಬಂದ ಹೇನು ಮೊದಲು ಅದನ್ನು ಚುಚ್ಚಿದರೆ, ಸೂಜಿಯ ವೈರಸ್ ಅಲ್ಲೇ ಕಳೆದುಹೋಗುತ್ತದೆ. ಸೌತೆ, ಕುಂಬಳವನ್ನು ಪಕ್ಕದಲ್ಲಿ ಇಡಬೇಡಿ, ಅವಕ್ಕೂ ಈ ವೈರಸ್ ತಗಲಬಹುದು. ಎಲೆ ತೊಟ್ಟಿನ ಮೇಲೆ ಎಣ್ಣೆ ಸವರಿದಂಥ ಕಡು ಹಸಿರು ಗೆರೆ, ಎಳೆ ಎಲೆಯಲ್ಲಿ ಹಳದಿ ಮಚ್ಚೆ ಕಂಡ ಗಿಡವನ್ನು ಅವತ್ತೇ ಬೇರು ಸಮೇತ ಕಿತ್ತು ಹೂಳಿ. ಅದು ನಿಂತಿರುವ ತನಕ ಬಂದ ಪ್ರತಿ ಹೇನಿಗೂ ಅಲ್ಲಿಂದ ವೈರಸ್ ಸಿಗುತ್ತಿರುತ್ತದೆ.